ಬೈಯುವವರಿಗೆ ಲಿಂಕ್ ಕೊಡದ ಚಾಟ್‌ಬಾಟ್ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ರಿವ್ಯೂ ಕೇಳುವ ನಿಮ್ಮ ಎಐ ಚಾಟ್‌ಬಾಟ್ ಕಡಿಮೆ ಸ್ಟಾರ್ ಕೊಡುವವರನ್ನು ತಡೆಯುತ್ತಿರುವುದು

ಮಾನ್ಯರೇ,

ನಿಮ್ಮ ಕಂಪನಿಯ ಸ್ಟೀಮ್ ಇಸ್ತ್ರಿಪೆಟ್ಟಿಗೆಯನ್ನು ಆನ್‌ಲೈನ್‌ನಲ್ಲಿ ಕೊಂಡಿದ್ದೇನೆ. ಅದು ನೀರು ಸೋರುತ್ತದೆ. ಬದಲಿ ಕೊಡಿ ಎಂದು ಬೇರೆಯಾಗಿ ಕೇಳಿದ್ದೇನೆ, ಅದು ಅದರ ಪಾಡಿಗೆ ನಡೆಯಲಿ. ಈ ಪತ್ರ ಬರೆಯುತ್ತಿರುವುದು ರಿವ್ಯೂ ಹಾಕಲು ಹೋದಾಗ ನಿಮ್ಮ ಚಾಟ್‌ಬಾಟ್ ನಡೆದುಕೊಂಡ ರೀತಿಯ ಬಗ್ಗೆ.

ಪೆಟ್ಟಿಗೆ ಕೈಗೆ ಬಂದ ದಿನವೇ ಬಾಟ್‌ನಿಂದ ಮೆಸೇಜ್ ಬಂತು. ‘ನಿಮ್ಮ ಖರೀದಿ ಹೇಗಿದೆ? 1ರಿಂದ 5ರವರೆಗೆ ಒತ್ತಿ.’ ಇನ್ನೂ ಪ್ಲಗ್ಗಿಗೇ ಹಾಕದ ವಸ್ತುವಿನ ಬಗ್ಗೆ ಏನು ಹೇಳುವುದು? ಕೆಲವು ವಾರ ಬಳಸಿ ನೋಡಿದ ಮೇಲೆ 2 ಒತ್ತಿದೆ. ‘ನಿಮಗೆ ಬೇಸರವಾಗಿದ್ದಕ್ಕೆ ಕ್ಷಮಿಸಿ, ನಮ್ಮ ತಂಡ ನಿಮ್ಮನ್ನು ಸಂಪರ್ಕಿಸುತ್ತದೆ’ ಎಂದು ಹೇಳಿ ಮಾತು ಮುಗಿಸಿತು. ರಿವ್ಯೂ ಬರೆಯುವ ಲಿಂಕ್ ಬರಲಿಲ್ಲ. ತಂಡದವರೂ ಬರಲಿಲ್ಲ ಬಿಡಿ.

ಅದೇ ಮಾಡೆಲ್ ನನ್ನ ತಂಗಿಯೂ ತರಿಸಿಕೊಂಡಿದ್ದಳು. ಅವಳು ಡಬ್ಬಿ ತೆರೆದ ಖುಷಿಯಲ್ಲಿ 5 ಒತ್ತಿದ್ದಾಳೆ. ಅವಳಿಗೆ ತಕ್ಷಣ ಲಿಂಕ್ ಬಂದಿದೆ. ಜೊತೆಗೆ ‘ಹಗುರವಾಗಿದೆ, ಬೇಗ ಬಿಸಿಯಾಗುತ್ತದೆ, ಎಲ್ಲರೂ ಕೊಳ್ಳಬಹುದು’ ಎಂಬ ಸಿದ್ಧ ರಿವ್ಯೂ, ಅದನ್ನು ಹಾಕಿದರೆ ಮುಂದಿನ ಖರೀದಿಗೆ ಕೂಪನ್. ಬೇಗ ಬಿಸಿಯಾಗುತ್ತದೋ ಇಲ್ಲವೋ ಅವಳಿಗೆ ಆಗ ಗೊತ್ತೇ ಇರಲಿಲ್ಲ. ಬಾಟ್ ಕೂಡ ಕೇಳಲಿಲ್ಲ.

ಮೊದಲು ಮನಸ್ಸು ತಿಳಿದುಕೊಂಡು, ಹೊಗಳುವವರನ್ನು ಎಲ್ಲರಿಗೂ ಕಾಣುವ ಪುಟಕ್ಕೆ, ಬೈಯುವವರನ್ನು ಯಾರಿಗೂ ಕಾಣದ ಚಾಟ್‌ಗೆ ಕಳಿಸುವ ಈ ಉಪಾಯ ಹೊಸದೇನಲ್ಲ. ಹಿಂದೆ ಇಮೇಲ್‌ನಲ್ಲಿ ನಡೆಯುತ್ತಿತ್ತು, ಈಗ ಬಾಟ್ ಸದ್ದಿಲ್ಲದೆ ಮಾಡುತ್ತದೆ. ನಿಮ್ಮ ಪುಟದಲ್ಲಿ ಕಾಣುವ ಸರಾಸರಿ ಸ್ಟಾರ್ ನೋಡಿಯೇ ನಾನು ಇದನ್ನು ಕೊಂಡದ್ದು. ಆ ಸರಾಸರಿಯಲ್ಲಿ ನನ್ನಂಥವರು ಸೇರಿಯೇ ಇಲ್ಲ ಅಂದರೆ ಅದು ಯಾರ ಸರಾಸರಿ?

ಲಿಂಕ್ ಬರಲಿಲ್ಲ ಎಂದು ನಾನೇ ನಿಮ್ಮ ವೆಬ್‌ಸೈಟ್ ಹುಡುಕಿಕೊಂಡು ಹೋದೆ. ಅಲ್ಲಿಯೂ ರಿವ್ಯೂ ಬರೆಯಬೇಕಾದರೆ ಅದೇ ಬಾಟ್ ಮೂಲಕವೇ ಬರೆಯಬೇಕು. ನಾನು ಬರೆದದ್ದು ಇಷ್ಟು: ‘ಬಿಸಿ ಕಡಿಮೆ ಇಟ್ಟು ಸ್ಟೀಮ್ ಒತ್ತಿದರೆ ನೀರು ಹಬೆಯಾಗದೆ ತೊಟ್ಟಿಕ್ಕುತ್ತದೆ. ರೇಷ್ಮೆ ಬಟ್ಟೆ ಮೇಲೆ ಕಲೆ ಬಿತ್ತು.’ ಬಾಟ್ ಇದನ್ನು ‘ಇನ್ನಷ್ಟು ಚೆನ್ನಾಗಿ’ ಮಾಡಿ ತೋರಿಸಿತು: ‘ಧಾರಾಳವಾಗಿ ಹಬೆ ಬರುತ್ತದೆ. ನಾಜೂಕಾದ ಬಟ್ಟೆಗೆ ಬಿಸಿ ಹೊಂದಿಸಿಕೊಂಡು ಬಳಸಿದರೆ ಉತ್ತಮ ಫಲಿತಾಂಶ.’ ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. ನಾಜೂಕಾದ ಬಟ್ಟೆಗೆ ಅಂತಲೇ ಅಲ್ವಾ ನಾನು ಬಿಸಿ ಕಡಿಮೆ ಇಟ್ಟದ್ದು? ಸೋರುವುದೂ ಆಗಲೇ. ಇನ್ನೊಬ್ಬರ ಬಟ್ಟೆ ಉಳಿಸಬಹುದಾಗಿದ್ದ ಒಂದೇ ಮಾತನ್ನು ಅದು ತೆಗೆದುಹಾಕಿದೆ. ಕಾಗುಣಿತ ತಿದ್ದಿದ್ದರೆ ನನ್ನ ತಕರಾರು ಇರಲಿಲ್ಲ.

ಅದರ ಆವೃತ್ತಿಗೆ ನಾನು ಒಪ್ಪಲಿಲ್ಲ. ಮೂಲವನ್ನೇ ಹಾಕಿ ಎಂದೆ. ಅಂದಿನಿಂದ ನನ್ನ ರಿವ್ಯೂ ‘ಪರಿಶೀಲನೆಯಲ್ಲಿದೆ’. ತಂಗಿಯದು ಹಾಕಿದ ಕೂಡಲೇ ಪುಟದಲ್ಲಿ ಕಾಣಿಸಿತ್ತು. ಯಾರು ಪರಿಶೀಲಿಸುತ್ತಿದ್ದಾರೆ, ಯಾವ ಕಾರಣಕ್ಕೆ ಎಂದು ಕೇಳಿದರೆ ಬಾಟ್ ಸುಮ್ನೆ ನನ್ನ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಹೇಳುತ್ತದೆ. ಪುಟದಲ್ಲಿ ಬೇರೆಯವರ ರಿವ್ಯೂಗಳ ಕೆಳಗೂ ಕಂಪನಿಯ ಹೆಸರಿನಲ್ಲಿ ಇದೇ ಧನ್ಯವಾದ ಇದೆ. ‘ವೈರ್ ಸುಟ್ಟ ವಾಸನೆ ಬರುತ್ತಿದೆ’ ಎಂದು ಒಬ್ಬರು ಬರೆದದ್ದು ಹೇಗೋ ಉಳಿದುಕೊಂಡಿದೆ, ಅದರ ಕೆಳಗೂ ಅದೇ. ಅದನ್ನು ನಿಮ್ಮಲ್ಲಿ ಮನುಷ್ಯರಾದವರು ಯಾರಾದರೂ ಓದಿದ್ದಾರಾ? ನನ್ನ ಇಸ್ತ್ರಿಪೆಟ್ಟಿಗೆಗಿಂತ ಜಾಸ್ತಿ ಚಿಂತೆ ನನಗೆ ಆ ವೈರಿನದು.

ಇದೆಲ್ಲ ಮಾರ್ಕೆಟಿಂಗ್‌ನಲ್ಲಿ ಸಾಮಾನ್ಯ ಎಂದು ದಯವಿಟ್ಟು ಹೇಳಬೇಡಿ. ನಾಲ್ಕು ಸ್ಟಾರ್‌ಗಿಂತ ಕಡಿಮೆಯ ರಿವ್ಯೂಗಳನ್ನು ತಡೆಹಿಡಿದ ಆರೋಪದ ಮೇಲೆ ಅಮೆರಿಕದ ಫ್ಯಾಷನ್ ನೋವಾ ಕಂಪನಿ 2022ರಲ್ಲಿ 42 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ಅಲ್ಲಿಯೂ ಹೆಚ್ಚು ಸ್ಟಾರ್ ಇದ್ದವು ತಾನಾಗಿ ಪ್ರಕಟವಾಗುತ್ತಿದ್ದವು, ಉಳಿದವು ಒಪ್ಪಿಗೆಗೆ ಕಾಯುತ್ತಿದ್ದವು. ನನ್ನ ‘ಪರಿಶೀಲನೆ’ಯೂ ಹಾಗೇ ಕಾಣುತ್ತದೆ. ಅದೇ ದೇಶದಲ್ಲಿ ಅಕ್ಟೋಬರ್ 2024ರಿಂದ ಜಾರಿಯಲ್ಲಿರುವ ನಿಯಮ ಎಐ ಬರೆದ ನಕಲಿ ರಿವ್ಯೂಗಳನ್ನೂ, ಹೊಗಳಿದರೆ ಮಾತ್ರ ಸಿಗುವ ಬಹುಮಾನವನ್ನೂ ನಿಷೇಧಿಸಿದೆ. ರಿವ್ಯೂಗಳನ್ನು ಸಂಗ್ರಹಿಸುವುದು, ಪರಿಶೀಲಿಸುವುದು, ಪ್ರಕಟಿಸುವುದು ಹೇಗೆ ಎಂದು ಹೇಳುವ ಅಂತರರಾಷ್ಟ್ರೀಯ ಮಾನದಂಡವೂ ಇದೆ: ಐಎಸ್ಒ 20488, 2018ರಲ್ಲಿ ಬಂದದ್ದು. ನಿಮ್ಮ ಬಾಟ್ ಮಾಡಿಕೊಟ್ಟವರಿಗೆ ಇದನ್ನು ಓದಲು ಹೇಳಿ.

ಬಾಟ್ ರಿವ್ಯೂ ಕೇಳಬಾರದು ಎಂದು ನಾನು ಹೇಳುತ್ತಿಲ್ಲ. ನೆನಪಿಸಲಿ, ಭಾಷೆ ಬರೆಯಲು ಕಷ್ಟಪಡುವವರಿಗೆ ನೆರವಾಗಲಿ. ಆದರೆ 1 ಒತ್ತಿದವರಿಗೂ 5 ಒತ್ತಿದವರಿಗೂ ಒಂದೇ ಲಿಂಕ್ ಹೋಗಬೇಕು. ಕೂಪನ್ ಕೊಡುವುದಾದರೆ ಬೈದವರಿಗೂ ಕೊಡಿ, ಕೂಪನ್ ಪಡೆದು ಬರೆದದ್ದು ಎಂದು ರಿವ್ಯೂ ಪಕ್ಕದಲ್ಲೇ ತಿಳಿಸಿ. ಬಳಸಲು ಸಮಯ ಸಿಕ್ಕ ಮೇಲೆ ಕೇಳಿ. ಬಾಟ್ ತಿದ್ದಿದ್ದು ಬೇಡ ಅಂದರೆ ಗ್ರಾಹಕರ ಮಾತು ಹಾಗೇ ಹೋಗಲಿ.

ನನ್ನ ರಿವ್ಯೂವನ್ನು ನಾನು ಬರೆದ ಹಾಗೆಯೇ ಪ್ರಕಟಿಸಿ. ಆಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಿ, ಕೆಳಗೆ ತೀರ್ಮಾನ ತೆಗೆದುಕೊಂಡವರ ಹೆಸರು, ಹುದ್ದೆ ಇರಲಿ. 15 ದಿನಗಳಲ್ಲಿ ಉತ್ತರ ಬಾರದಿದ್ದರೆ ಚಾಟ್‌ನ ಸ್ಕ್ರೀನ್‌ಶಾಟ್‌ಗಳ ಸಮೇತ ಗ್ರಾಹಕ ರಕ್ಷಣಾ ಅಧಿಕಾರಿಗಳಿಗೆ ದೂರು ಕೊಡುತ್ತೇನೆ. ಸ್ಕ್ರೀನ್‌ಶಾಟ್‌ಗಳ ಪ್ರತಿ ಇದರೊಂದಿಗೆ ಇದೆ. ಆ ವೈರಿನ ರಿವ್ಯೂ ಬರೆದವರಿಗೆ ಮಾತ್ರ 15 ದಿನ ಕಾಯಿಸಬೇಡಿ, ಇವತ್ತೇ ಫೋನ್ ಮಾಡಿ.

ಇಂತಿ,
ನಿಮ್ಮ ಗ್ರಾಹಕ