ಸಾಲ ಕೊಡಿಸಿದವರೂ ನೀವೇ, ಗಾಡಿ ಎತ್ತಿಸಿದವರೂ ನೀವೇ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ 19 ವರ್ಷದಿಂದ ಸೊಪ್ಪು, ತರಕಾರಿ ಮಾರುವ ಹೆಂಗಸು ನಾನು. ನನ್ನ ಮುಖ ನಿಮಗೆ ನೆನಪಿರಲೂಬಹುದು. ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರ ಕೊಡಿಸುವ ಸ್ವನಿಧಿ ಸಾಲದ ವಿತರಣೆಯ ದಿನ ವೇದಿಕೆ ಮೇಲೆ ಮಂಜೂರಾತಿ ಪತ್ರ ಕೊಟ್ಟು, "ಧೈರ್ಯವಾಗಿ ವ್ಯಾಪಾರ ಮಾಡಮ್ಮಾ" ಅಂದು ಫೋಟೊ ತೆಗೆಸಿಕೊಂಡಿದ್ದಿರಿ. ಮಾಡಿದೆ. ಮೊದಲ 10,000 ರೂಪಾಯಿಯನ್ನು ಒಂದು ಕಂತೂ ತಪ್ಪದೆ ತೀರಿಸಿದೆ. ಆಮೇಲೆ ಸಿಕ್ಕ 20,000ದಲ್ಲಿ ಹೊಸ ತಳ್ಳುಗಾಡಿ ಮಾಡಿಸಿ, ಡಿಜಿಟಲ್ ತಕ್ಕಡಿಯನ್ನೂ ತಂದೆ.

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ನಗರಸಭೆಯ ಟ್ರ್ಯಾಕ್ಟರ್ ಬಂತು. ಆಗಷ್ಟೇ ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸುತ್ತಿದ್ದೆ. ನೋಟಿಸ್ ಇಲ್ಲ, ಮಾತಿಲ್ಲ. ನಾಲ್ಕು ಜನ ಗಾಡಿಯನ್ನು ಒಂದು ಕಡೆಯಿಂದ ಎತ್ತಿದಾಗ ಟೊಮೆಟೊ ಎಲ್ಲಾ ಚರಂಡಿಗೆ ಉರುಳಿತು. ವ್ಯಾಪಾರಿ ಗುರುತಿನ ಚೀಟಿ ತೋರಿಸಿದೆ. ಅದಕ್ಕೆ ಸಹಿ ಹಾಕಿರುವುದು ಅದೇ ನಗರಸಭೆಯ ಆಯುಕ್ತರು. "ಇದೆಲ್ಲ ಸಾಲಕ್ಕೆ ಮಾತ್ರ, ಜಾಗಕ್ಕಲ್ಲ" ಅಂದರು. ಹಾಗಾದರೆ ಸಾಲ ತಗೊಂಡು ನಾನು ಗಾಳಿಯಲ್ಲಿ ನಿಂತು ಮಾರಬೇಕಿತ್ತೇ, ಸ್ವಾಮಿ?

ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರದ್ದು. ನಿಮಗೆ ಗೊತ್ತಿಲ್ಲದ್ದೇನಲ್ಲ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಎಲ್ಲರಿಗೂ ಬೀದಿಯಲ್ಲಿ ಮಾರಲು ಅನುಮತಿ ಕೊಡುವ ಮಾರಾಟ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸಲೇಬೇಕಾದರೆ 30 ದಿನದ ನೋಟಿಸ್ ಬೇಕು. ಜಪ್ತಿ ಮಾಡಿದರೆ ಸಾಮಾನಿನ ಪಟ್ಟಿ ಕೊಡಬೇಕು. ಕೇಳಿದ ದಿನವೇ ಕೊಳೆಯುವ ಮಾಲನ್ನು ಬಿಡಬೇಕು, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ. ನನ್ನ ಗಾಡಿ ಸಿಕ್ಕಿದ್ದು ಒಂಬತ್ತನೇ ದಿನ, ಅದೂ ದಂಡ ಕಟ್ಟಿದ ಮೇಲೆ. ಕಸದ ಲಾರಿ ನಿಲ್ಲಿಸುವ ಅಂಗಳದಲ್ಲಿ ಒಂದು ಚಕ್ರ ಸೊಟ್ಟಗಾಗಿ ಬಿದ್ದಿತ್ತು. ಮೂಲಂಗಿ ಕರಗಿ ನೀರಾಗಿ, ಅದರ ಮೇಲೆ ನೊಣ. ತಕ್ಕಡಿ ಇರಲೇ ಇಲ್ಲ. ಕೇಳಿದರೆ "ಪಟ್ಟಿಯಲ್ಲಿ ತಕ್ಕಡಿ ಇದೆಯಾ?" ಅಂತ ನನ್ನನ್ನೇ ಕೇಳಿದರು. ಪಟ್ಟಿ ಕೊಟ್ಟಿದ್ದರೆ ತಾನೇ!

ಅಂದಹಾಗೆ, ಅದೇ ಫುಟ್‌ಪಾತಿನಲ್ಲಿ, ನನ್ನ ಗಾಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಮ್ಮ ಹುಟ್ಟುಹಬ್ಬದ ಫ್ಲೆಕ್ಸ್ ನಿಂತಿತ್ತು. ಈಗಲೂ ನಿಂತಿದೆ. ಟ್ರ್ಯಾಕ್ಟರಿನಲ್ಲಿ ಅದಕ್ಕೆ ಜಾಗ ಸಾಲಲಿಲ್ಲವೇನೋ.

ಗಾಡಿ ಇಲ್ಲದ ಒಂಬತ್ತು ದಿನವೂ ಬಡ್ಡಿ ನಿಲ್ಲಲಿಲ್ಲ. ಬ್ಯಾಂಕಿನವರು ಕಂತು ಕೇಳಿ ಎರಡು ಸಲ ಫೋನ್ ಮಾಡಿದರು. ಅವರದೇನೂ ತಪ್ಪಿಲ್ಲ.

ನಾನು ಕೇಳುತ್ತಿರುವುದು ಒಂದೇ. ಜಾಗ ಗುರುತಿಸಿ, ಪ್ರಮಾಣಪತ್ರ ಕೊಡಿ. ಇದನ್ನೆಲ್ಲ ನೋಡಿಕೊಳ್ಳಬೇಕಾದ ಪಟ್ಟಣ ಮಾರಾಟ ಸಮಿತಿಯಲ್ಲಿ ಕಡಿಮೆಯೆಂದರೂ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು ಅನ್ನುತ್ತದೆ ಕಾನೂನು. ನಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ಅದು ಎಂದಾದರೂ ಸೇರಿದೆಯಾ ಅಂತ ನಮ್ಮ ಸಾಲಿನ ಮೂವತ್ತು ಜನರಲ್ಲಿ ಒಬ್ಬರಿಗೂ ತಿಳಿಯದು. ಸಭೆ ಕರೆಸಿ, ಪ್ರಮಾಣಪತ್ರ ಕೊಡಿಸಿ.

"ಸರ್ಕಾರದಿಂದ ಬೇರೆ ಎಷ್ಟೋ ಸೌಲಭ್ಯ ಇದೆಯಲ್ಲಮ್ಮ" ಅನ್ನಬೇಡಿ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡು ಮಾಡಿಸಿದ್ದೇನೆ, ಲ್ಯಾಮಿನೇಷನ್ ಕೂಡ ಮಾಡಿಸಿದ್ದೇನೆ. ಇವತ್ತಿನವರೆಗೆ ಅದನ್ನು ತೋರಿಸು ಅಂತ ಕೇಳಿದವರು ಯಾರೂ ಇಲ್ಲ. ನಮ್ಮಂಥವರಿಗೇ ಅಂತ ತಂದ ಶ್ರಮಯೋಗಿ ಪಿಂಚಣಿಗೆ ಸೇರಲು ವಯಸ್ಸು 40 ದಾಟಿರಬಾರದಂತೆ. 2019ರಲ್ಲಿ ಆ ಯೋಜನೆ ಬಂದಾಗಲೇ ನನಗೆ 46. ಮಂಡಿ ನೋವು ಬೇರೆ. ಇನ್ನು ಹತ್ತು ವರ್ಷ ದುಡಿಯಬೇಕು, ದುಡಿಯುತ್ತೇನೆ. ಆದರೆ ಪ್ರತಿ ಟ್ರ್ಯಾಕ್ಟರ್ ಸದ್ದಿಗೂ ಎದೆ ಧಸಕ್ಕೆನ್ನುವ ಹಾಗೆ ದುಡಿಯುವುದು ನನ್ನಿಂದ ಆಗುವುದಿಲ್ಲ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ: ಪ್ರಮಾಣಪತ್ರ ಕೊಡಿ. ನನಗೊಬ್ಬಳಿಗಲ್ಲ, ಸಾಲಿನಲ್ಲಿರುವ ಎಲ್ಲರಿಗೂ.

ಚಕ್ರ ಇನ್ನೂ ರಿಪೇರಿ ಆಗಿಲ್ಲ. ಸದ್ಯಕ್ಕೆ ಎರಡು ಬುಟ್ಟಿ ಇಟ್ಟುಕೊಂಡು ಅದೇ ಜಾಗದಲ್ಲಿ ಕೂರುತ್ತಿದ್ದೇನೆ. ಪ್ರಮಾಣಪತ್ರ ತಂದರೆ ಅಲ್ಲಿಗೇ ತನ್ನಿ, ಬೆಳಿಗ್ಗೆ ಆರರಿಂದ ಇರುತ್ತೇನೆ. ಈ ಸಲ ಫೋಟೊ ಬೇಡ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು