ಚಳಿಗಾಲವೆಂದು ಇನ್ವರ್ಟರ್ ಆಫ್ ಮಾಡಬೇಡಿ

ಮಾನ್ಯ ಸಂಪಾದಕರೇ,

ಫ್ಯಾನ್ ಬೇಡವಾದ ಕೂಡಲೇ ಇನ್ವರ್ಟರ್ ಆಫ್ ಮಾಡಿ ಅದರ ಮೇಲೆ ಬಟ್ಟೆ ಹೊದಿಸಿಡುವ ರೂಢಿ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿದೆ. ಹೀಗೆ ಬಿಟ್ಟ ಬ್ಯಾಟರಿ ತಾನಾಗಿಯೇ ಚಾರ್ಜ್ ಕಳೆದುಕೊಳ್ಳುತ್ತದೆ, ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಪದರ ಗಟ್ಟಿಯಾಗಿ ಚಾರ್ಜ್ ಹಿಡಿಯುವ ಶಕ್ತಿ ಕುಗ್ಗುತ್ತದೆ. ಮಾರ್ಚ್‌ನಲ್ಲಿ ಕಲಬುರಗಿ ಬಿಸಿಲಿಗೆ ಫ್ಯಾನ್ ಹಾಕಿದರೆ ಅರ್ಧ ತಾಸೂ ಬಾರದು. ಆಗ ಬೈಗುಳವೆಲ್ಲ ಬ್ಯಾಟರಿ ಕಂಪನಿಗೆ!

ಇನ್ವರ್ಟರ್ ಆನ್ ಇರಲಿ. ಕರೆಂಟ್ ಹೋಗದಿದ್ದರೂ ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಒಂದೆರಡು ತಾಸು ಬ್ಯಾಟರಿ ಮೇಲೆ ದೀಪ, ಟಿ.ವಿ. ಓಡಿಸಿ, ಮತ್ತೆ ಪೂರ್ತಿ ಚಾರ್ಜ್ ಮಾಡಿ. ಡಿಸ್ಟಿಲ್ಡ್ ವಾಟರನ್ನು ಚಾರ್ಜ್ ಆದ ಮೇಲೆಯೇ ಹಾಕಬೇಕು. ಮೊದಲೇ ಗುರುತಿನವರೆಗೆ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆ್ಯಸಿಡ್ ಹೊರಬರುತ್ತದೆ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲು ಹಾಕಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಆರ್‌ಒ ನೀರೂ ಸಲ್ಲದು. ಆ್ಯಸಿಡ್ ಎಂದೂ ಸೇರಿಸಬಾರದು. ಟರ್ಮಿನಲ್‌ಗೆ ಬಿಳಿ-ಹಸಿರು ಪುಡಿ ಹತ್ತಿದ್ದರೆ ಇನ್ವರ್ಟರ್ ಆಫ್ ಮಾಡಿ, ಮೈನಸ್ ತಂತಿ ಮೊದಲು ಬಿಚ್ಚಿ. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಿಗಿ ಮಾಡಿ, ವ್ಯಾಸಲಿನ್ ಸವರಿ. ಸೋಡಾ ನೀರು ಮಾತ್ರ ಸೆಲ್ ಒಳಗೆ ಇಳಿಯದಿರಲಿ.

ಇನ್ನು ಲೆಕ್ಕ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಎಂದರೂ ಇನ್ವರ್ಟರ್ ನಷ್ಟ ಕಳೆದು, ಬ್ಯಾಟರಿ ಪೂರ್ತಿ ಇಳಿಯದಂತೆ ನೋಡಿಕೊಂಡರೆ ಸಿಗುವುದು ಸುಮಾರು 1,000. 9 ವ್ಯಾಟ್‌ನ ನಾಲ್ಕು ಬಲ್ಬು, ವೈಫೈ ಡಬ್ಬಿಗೆ ಇದು ರಾತ್ರಿಯಿಡೀ ಸಾಕು. 1,500 ವ್ಯಾಟ್‌ನ ನೀರು ಕಾಯಿಸುವ ರಾಡು, 2,000 ವ್ಯಾಟ್‌ನ ಗೀಸರ್ ಅದರ ಕೆಲಸವಲ್ಲ. ಒಂದು ಎಚ್‌ಪಿ ಮೋಟಾರ್ ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದೂ ಆಗದು. ಹಾಗಾಗಿ ಮೇಲಿನ ಟ್ಯಾಂಕ್ ರಾತ್ರಿಯೇ ತುಂಬಿರಲಿ. ಸ್ನಾನದ ನೀರಿಗೆ ಗ್ಯಾಸ್ ಒಲೆಯೋ ಹಿತ್ತಲಿನ ಕಟ್ಟಿಗೆ ಒಲೆಯೋ ಇದ್ದೇ ಇದೆ.

ಕರೆಂಟ್ ಹೋದಾಗ ರಾಡಿನ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಮರೆತು ಬಕೆಟ್‌ಗೆ ಕೈ ಹಾಕಿದ ಹೊತ್ತಿಗೇ ಕರೆಂಟ್ ಬಂದರೆ ಜೀವಕ್ಕೇ ಅಪಾಯ. ಫ್ರಿಜ್ಜನ್ನು ಕರೆಂಟ್ ಬಂದ ಐದು ನಿಮಿಷದ ಮೇಲೆ ಹಾಕಿ. ಬೀದರ್ ಚಳಿಗೆ ಕೋಣೆಯ ಬಾಗಿಲು ಮುಚ್ಚಿ ಇದ್ದಿಲಿನ ಶೇಗಡಿ ಇಟ್ಟುಕೊಂಡು ಮಲಗಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ.

ಜನರೇಟರ್ ಇರುವವರು ಅದನ್ನು ನೇರ ಸಾಕೆಟ್‌ಗೆ ಚುಚ್ಚದೆ ಚೇಂಜ್‌ಓವರ್ ಸ್ವಿಚ್ (ಲೈನ್ ಇಲ್ಲವೇ ಜನರೇಟರ್, ಎರಡರಲ್ಲಿ ಒಂದನ್ನೇ ಮನೆಗೆ ಜೋಡಿಸುವಂಥದ್ದು) ಹಾಕಿಸಬೇಕು. ಇಲ್ಲದಿದ್ದರೆ ಮನೆಯ ಕರೆಂಟ್ ಹಿಂದಕ್ಕೆ ಲೈನಿಗೆ ಹರಿದು ಕಂಬದ ಮೇಲಿನ ಲೈನ್‌ಮನ್‌ಗೆ ಹೊಡೆಯುತ್ತದೆ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ 1912ಕ್ಕೆ ಕರೆ ಮಾಡಿ.

ಕೊನೆಯದಾಗಿ ಒಂದು ವಿನಂತಿ. ‘ನಾಳೆ ವಿದ್ಯುತ್ ವ್ಯತ್ಯಯ’ ಎಂಬ ಪ್ರಕಟಣೆಗಳಲ್ಲಿ ಫೀಡರ್ (ಸಬ್‌ಸ್ಟೇಷನ್‌ನಿಂದ ಬಡಾವಣೆಗಳಿಗೆ ಕರೆಂಟ್ ತರುವ ಲೈನ್) ಹೆಸರಿನ ಜೊತೆ ಬಡಾವಣೆ, ಓಣಿಗಳ ಹೆಸರೂ ಇರಲಿ. ತಮ್ಮ ಮನೆ ಯಾವ ಫೀಡರ್‌ಗೆ ಸೇರಿದ್ದೆಂದು ಬಹಳ ಜನರಿಗೆ ತಿಳಿದಿರುವುದಿಲ್ಲ.

– ಬ್ಯಾಟರಿ, ಇನ್ವರ್ಟರ್ ಮೆಕ್ಯಾನಿಕ್, ಬೀದರ್