ಒಸಿ ನಿರಾಕರಣೆ: ಮೊದಲು ಹಿಂಬರಹ ಪಡೆಯಿರಿ

ಮಾನ್ಯರೇ,

ಕಾರವಾರ, ಶಿರಸಿಯಲ್ಲಿ ಕಟ್ಟಡ ಮುಗಿದರೂ ಅದರಲ್ಲಿ ವಾಸಿಸಲು ಬೇಕಾದ ಸ್ವಾಧೀನಾನುಭವ ಪತ್ರ (ಒಸಿ) ಸಿಗದವರು ಮೊದಲು ಕೇಳಬೇಕಾದದ್ದು ಕಾರಣ ನಮೂದಿಸಿದ ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ. ಬಾಯಿಮಾತಿನ ‘ಆಗೋದಿಲ್ಲ’ವನ್ನು ಪ್ರಶ್ನಿಸುವುದು ಕಷ್ಟ. ಹಿಂಬರಹ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಸ್ಥಳ ಪರಿಶೀಲನಾ ವರದಿ, ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ. ಉತ್ತರಕ್ಕೆ 30 ದಿನಗಳ ಗಡುವಿದೆ.

ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಒತ್ತುವರಿ, ಪಾರ್ಕಿಂಗ್ ಜಾಗದಲ್ಲಿ ಎದ್ದ ಅಂಗಡಿ, ನಕ್ಷೆಯಲ್ಲಿಲ್ಲದ ಮಹಡಿ, ಕಡಲಂಚಿನಲ್ಲಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ಇಲ್ಲದಿರುವುದು – ಅಡ್ಡಿ ಹೆಚ್ಚಾಗಿ ಇವೇ. ಒಡೆಯಬಹುದಾದದ್ದನ್ನು ಒಡೆದು, ಸದ್ಯ ಇರುವಂತೆ ಅಳೆದ ನಕ್ಷೆಯೊಂದಿಗೆ ಮತ್ತೆ ಅರ್ಜಿ ಹಾಕುವುದು ಕೋರ್ಟಿಗಿಂತ ಅಗ್ಗ.

ಫ್ಲ್ಯಾಟ್ ಕೊಂಡವರ ದಾರಿ ಬೇರೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಕಲಂ 11(4)(ಬಿ) ಪ್ರಕಾರ ಒಸಿ ತರುವ ಹೊಣೆ ಬಿಲ್ಡರ್‌ನದು. ಆದರೆ ಜಾಗ 500 ಚದರ ಮೀಟರ್ ಅಥವಾ ಫ್ಲ್ಯಾಟುಗಳು 8 ಮೀರದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ನಮ್ಮಂಥ ಊರುಗಳಲ್ಲಿ ಇದೇ ತೊಡಕು. ಆಗ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರಿರಬಾರದು. ಒಸಿ ಕೊಡಿಸದಿರುವುದು ಸೇವಾ ನ್ಯೂನತೆ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲೇ ಹೇಳಿದೆ. ಬಿಲ್ಡರ್ ಕೇಳುವ ‘ಯಾವ ತಕರಾರೂ ಇಲ್ಲ’ ಎಂಬ ಪತ್ರಕ್ಕೆ ಮಾತ್ರ ಕೀಲಿಕೈಯ ಆಸೆಗೆ ಸಹಿ ಹಾಕಬೇಡಿ.

ನಿಯಮದಂತೆ ಕಟ್ಟಿಯೂ ಅರ್ಜಿ ಕೊಳೆಯುತ್ತಿದ್ದರೆ ಧಾರವಾಡ ಹೈಕೋರ್ಟ್ ಪೀಠಕ್ಕೆ ರಿಟ್ ಅರ್ಜಿ (ಅಧಿಕಾರಿಗಳಿಗೆ ಆದೇಶ ಕೊಡಿ ಎಂಬ ಮನವಿ) ಹಾಕಬಹುದು. ಕೋರ್ಟ್ ಸಾಮಾನ್ಯವಾಗಿ ಕಾಲಮಿತಿಯಲ್ಲಿ ತೀರ್ಮಾನಿಸಲು ಸೂಚಿಸುತ್ತದೆ, ಅಕ್ರಮ ಮಹಡಿಯನ್ನು ಸಕ್ರಮ ಮಾಡಿಕೊಡದು. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಒಸಿ ಇಲ್ಲದೆ ವಿದ್ಯುತ್, ನೀರಿನ ಸಂಪರ್ಕವೂ ಕಷ್ಟ.

– ಓದುಗರು, ಕಾರವಾರ